ಇವರಿಗೆ ಕೇಳಿಸದ ಸದ್ದು

ಜನವರಿ 12, ರವಿವಾರ

ಬೆಳಿಗ್ಗೆ ಹತ್ತಕ್ಕೆ ಮನೆಯಲ್ಲಿ ಏನೋ ಕೀಂ ಕೀಂ ಅನ್ನತೊಡಗಿತು. ಮಗಳು ನಿಶಾಳ ಫೋನ್ ಇರಬೇಕು ಅಂದುಕೊಂಡೆ. ಅವಳು ಸ್ನಾನಕ್ಕೆ ಹೋಗಿದ್ದಳು, ಫೋನ್ ಚಾರ್ಜಿಗೆ ಹಾಕಿತ್ತು, ಅದರಲ್ಲಿ ಏನೂ ಇರಲಿಲ್ಲ. ಹೊಲಿಗೆ ಮಷೀನು ನಿಲ್ಲಿಸಿ ಕಿವಿಗೊಟ್ಟೆ. ಸದ್ದು ಇವರ ಕಡೆಯಿಂದ ಬರುತ್ತಿತ್ತು. ಇವರು ಕಿಟಕಿ ಹತ್ತಿರ ಕೂತು ಪೇಪರ್ ಓದುತ್ತಿದ್ದರು.

"ರೀ, ಅದೇನು ಸಪ್ಪಳ?"

"ಯಾವ ಸಪ್ಪಳ?"

ಹತ್ತಿರ ಹೋಗಿ ಎದೆಗೆ ಕಿವಿ ಹಚ್ಚಿದೆ. ಎಡ ಹೆಗಲಿನ ಕೆಳಗೆ, ಪೆಟ್ಟಿಗೆ ಇರುವ ಜಾಗದಿಂದಲೇ. ನಾನು ಅಂಗಿ ಗುಂಡಿ ಬಿಚ್ಚುವಷ್ಟರಲ್ಲಿ ನಿಂತುಹೋಯಿತು. ಇವರು ನನ್ನ ಮುಖ ನೋಡಿ, "ನಿನಗ ಫ್ಯಾನಿನ ಸಪ್ಪಳ ಕೇಳಿರಬೇಕು" ಅಂದರು. ಫ್ಯಾನ್ ಬಂದ್ ಇತ್ತು.

ನನಗೆ ಗೊತ್ತಿತ್ತು. ಏಳು ವರ್ಷದ ಹಿಂದೆ ಇವರು ಡಿಪೋದಲ್ಲಿ ಬಸ್ಸಿನಿಂದ ಇಳಿಯುತ್ತ ಬಿದ್ದು, ಆಮೇಲೆ ಬದುಕಿ ಬಂದಾಗ, ಚರ್ಮದ ಕೆಳಗೆ ಈ ಪೆಟ್ಟಿಗೆ ಇಟ್ಟರು. ಡಾಕ್ಟರು ಐಸಿಡಿ ಅನ್ನುತ್ತಾರೆ. ಅದರಿಂದ ತಂತಿ ಹೃದಯದೊಳಗೆ ಹೋಗಿದೆ. ಹೃದಯ ಹುಚ್ಚುಹುಚ್ಚಾಗಿ ಓಡಿದರೆ ಕರೆಂಟ್ ಹೊಡೆದು ದಾರಿಗೆ ತರುತ್ತದೆ. ಆಗ ಮನೆಗೆ ಕಳಿಸುವ ಮೊದಲು ಒಂದು ಸದ್ದು ಕೇಳಿಸಿದ್ದರು. ಬ್ಯಾಟರಿ ಇಳಿದಾಗ ದಿನಾ ಒಂದೇ ಹೊತ್ತಿಗೆ ಹೀಗೆ ಕೂಗುತ್ತದೆ, ಕೂಗಿದರೆ ಬನ್ನಿ ಅಂದಿದ್ದರು. ನಾನು ಆ ಸದ್ದು ಮರೆತಿರಲಿಲ್ಲ.

ಇವರಿಗೆ ಅದು ಕೇಳಿಸುವುದಿಲ್ಲ. ಅಷ್ಟು ವರ್ಷ ಇಂಜಿನ್ ಪಕ್ಕ ಕೂತು ಬಸ್ ಓಡಿಸಿದವರು. ಸಣ್ಣ ದನಿ, ಹಕ್ಕಿ, ಕುಕ್ಕರಿನ ಮೊದಲ ಸೀಟಿ, ಯಾವುದೂ ಕೇಳುವುದಿಲ್ಲ.

ಜನವರಿ 13, ಸೋಮವಾರ

ಇಂದು ಭೋಗಿ. ಸಜ್ಜೆ ರೊಟ್ಟಿ, ಬದನೆಕಾಯಿ ಮಾಡಿದೆ. ಇವರು ಡಬ್ಬಿ ಹಿಡಿದು ಡಿಪೋಗೆ ಹೋದರು. ಬಸ್ ಓಡಿಸುವುದು ನಿಂತ ಮೇಲೆ ಅಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ, ಬಸ್ಸುಗಳು ಒಳಗೆ ಹೊರಗೆ ಹೋಗುವುದು ಬರೆಯುವುದು.

ಹತ್ತಕ್ಕೆ ಸ್ವಲ್ಪ ಮೊದಲು ಇವರ ಜೊತೆ ಕೆಲಸ ಮಾಡುವ ಮರಾಠಿ ಹುಡುಗ ಸಚಿನನಿಗೆ ಫೋನ್ ಮಾಡಿದೆ. "ಭಾವು, ಹತ್ತಕ್ಕೆ ಸರಿಯಾಗಿ ಅವರ ಎದೆಗೆ ಕಿವಿ ಹಚ್ಚಿ ಕೇಳು" ಅಂದೆ. ಅವನು ಎರಡು ಸಲ ಹೇಳಿಸಿಕೊಂಡ. ಆಮೇಲೆ ಫೋನ್ ಮಾಡಿ, ಹೌದು ವಹಿನಿ, ಬೀಪ್ ಬೀಪ್ ಆಗುತ್ತಿದೆ ಅಂದ.

ಸಂಜೆ ಇವರು ಚಪ್ಪಲಿ ಬಿಡುತ್ತಲೇ ಶುರು ಮಾಡಿದರು. "ಇಡೀ ಡಿಪೋ ನಗ್ತಿತ್ತು. ಅಂವಾ ನನ್ನ ಅಪ್ಪಿಕೊಂಡು ನಿಂತಿದ್ದ. ನೀ ನನಗ ಕೇಳಿ ಫೋನ್ ಮಾಡಬೇಕಿತ್ತು."

"ಕೇಳಿದ್ರ ನೀವು ಹೂಂ ಅಂತಿದ್ರೇನು?"

ಊಟಕ್ಕೆ ಕೂತಾಗಲೂ ಮುಖ ಬಿಗಿದೇ ಇತ್ತು. ಆದರೆ ರೊಟ್ಟಿ ಮತ್ತೆ ಹಾಕಿಸಿಕೊಂಡರು.

ಜನವರಿ 16, ಗುರುವಾರ

ಆಸ್ಪತ್ರೆಗೆ ಹೋಗಿ ಬಂದೆವು. ಎದೆಯ ಮೇಲೆ ಒಂದು ಬಿಲ್ಲೆ ಇಟ್ಟು ಪರದೆಯಲ್ಲಿ ನೋಡಿದರು. ಡಾಕ್ಟರಮ್ಮ ಹೇಳಿದ್ದು: ಬ್ಯಾಟರಿ ಬದಲಿಸುವ ಗುರುತಿಗೆ ಬಂದಿದೆ, ಈ ತಿಂಗಳ ಆರಂಭದಲ್ಲೇ ಬಂದಿದೆ. ಹೆಚ್ಚೆಂದರೆ ಮೂರು ತಿಂಗಳು ನಡೆಯಬಹುದು. ಹೆದರುವಂಥದ್ದಲ್ಲ, ಆದರೆ ಮುಂದೂಡಬಾರದು. ತಂತಿಗಳು ಚೆನ್ನಾಗಿವೆ. ಪೆಟ್ಟಿಗೆ ಮಾತ್ರ ತೆಗೆದು ಹೊಸದು ಇಡುವುದು, ಮರುದಿನ ಮನೆಗೆ.

ನಾನು ಎಲ್ಲ ಕೇಳಿಕೊಂಡೆ. ಯಾವ ಗುಳಿಗೆ ನಿಲ್ಲಿಸಬೇಕು, ಹೊಟ್ಟೆ ಖಾಲಿ ಇರಬೇಕೋ, ರಜೆ ಎಷ್ಟು ಹಾಕಬೇಕು. 28ಕ್ಕೆ ದಿನ ಹಿಡಿದುಕೊಂಡೆ. ಇವರು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತ ಕೂತಿದ್ದರು. ಡಾಕ್ಟರು ಇವರ ಕಡೆ ತಿರುಗಿ, "ದೇವಾನಂದ್‌ಜೀ, ಆಪ್‌ಕೋ ಕುಛ್ ಪೂಛ್‌ನಾ ಹೈ?" ಅಂದರು. ಅವರು ಕೇಳುವುದೇನೂ ಇಲ್ಲ ಮೇಡಮ್, ಎಲ್ಲ ನಾನು ಕೇಳಿದೆನಲ್ಲ ಅಂದೆ.

ಬರುವಾಗ ಬಸ್ಸಿನಲ್ಲಿ ಇವರು ಡ್ರೈವರನ ಕೈಯನ್ನೇ ನೋಡುತ್ತಿದ್ದರು. ಅದು ಯಾವಾಗಲೂ ಇದ್ದದ್ದೇ.

ಜನವರಿ 21, ಮಂಗಳವಾರ

ನಿಶಾಳಿಗೆ 28ಕ್ಕೆ ರಜೆ ಹಾಕಲು ಹೇಳಿದೆ. ಎದುರು ಮನೆಯ ಮಹಾದೇವಿಗೆ, ಆ ದಿನ ನಮ್ಮ ಬೀಗದ ಕೈ ಕೊಟ್ಟು ಹೋಗುತ್ತೇನೆ ಅಂತ ಹೇಳಿದೆ. ಇವರಿಗೆ ಮುಂದೆ ಗುಂಡಿ ಇರುವ ಎರಡು ಸಡಿಲ ಅಂಗಿ ಹೊಲಿದೆ. ರಾತ್ರಿ ಎರಡು ಸಲ ಎದ್ದು ನೋಡಿದೆ, ಉಸಿರು ಸರಿ ಇತ್ತು.

ಜನವರಿ 25, ಶನಿವಾರ

ಅಂಗಿ ಹಾಕಿ ನೋಡ್ರಿ ಅಂದೆ. ಹಾಕಿಕೊಳ್ಳಲಿಲ್ಲ. ಮಡಚಿ ಪಕ್ಕಕ್ಕಿಟ್ಟರು.

"ನಾ ಬರಂಗಿಲ್ಲ, ರಂಜನಾ."

"ಎಲ್ಲಿಗೆ?"

"ಮಂಗಳವಾರ. ಪೆಟಗಿ ಬದಲ್ ಮಾಡಸೂದು ಬ್ಯಾಡ. ಇದ್ದಷ್ಟ ದಿನ ಇರಲಿ. ತಾನಾಗಿ ಬಂದ್ ಆಗಲಿ."

ಹೆದರಿದ್ದೀರೇನು ಅಂದೆ. ಇಲ್ಲ ಅಂದರು. ಹಿಂದೊಮ್ಮೆ ಕುರ್ಲಾ ಸ್ಟೇಷನ್ನಿನ ಸೇತುವೆ ಮೆಟ್ಟಿಲಿನಲ್ಲಿ ಈ ಪೆಟ್ಟಿಗೆ ಕರೆಂಟ್ ಹೊಡೆದಿತ್ತು. ಹಿಂದಿನಿಂದ ಎತ್ತು ಒದ್ದಂತಾಯಿತು ಅಂದಿದ್ದರು. ಅದು ಹೊಡೆಯದಿದ್ದರೆ ಅಂದೇ ಮುಗಿಯುತ್ತಿತ್ತು ಅಂತ ಡಾಕ್ಟರೇ ಹೇಳಿದ್ದರು. ಅದನ್ನು ನೆನಪಿಸಿದೆ.

"ಗೊತ್ತೈತಿ" ಅಂದರು. "ಆವತ್ತು ಬೇಕಿತ್ತು. ಇನ್ನ ಸಾಕು."

ಯಾಕೆ ಅಂದರೆ ಹೇಳಲಿಲ್ಲ. ನನಗೂ ಸಿಟ್ಟು ಬಂತು. ಇಷ್ಟು ವರ್ಷ ಉಪ್ಪು ಅಳೆದು, ಎಣ್ಣೆ ಅಳೆದು, ಗುಳಿಗೆ ಕೈಗೆ ಕೊಟ್ಟು ನೋಡಿಕೊಂಡವಳಿಗೆ "ಸಾಕು" ಅನ್ನುವ ಒಂದು ಮಾತು. ಹೆಂಗೂ ಮಂಗಳವಾರ ಹೊರಡುವ ಹೊತ್ತಿಗೆ ಎದ್ದು ಬರುತ್ತಾರೆ.

ಜನವರಿ 28, ಮಂಗಳವಾರ

ಡಬ್ಬಿ ತಗೊಂಡು ಡಿಪೋಗೆ ಹೋದರು. ಆಸ್ಪತ್ರೆಗೆ ನಾನೇ ಫೋನ್ ಮಾಡಿ ಬರುವುದಿಲ್ಲ ಅಂದೆ.

ಫೆಬ್ರವರಿ 2, ರವಿವಾರ

ನಿಶಾಳನ್ನು ಮುಂದೆ ಬಿಟ್ಟೆ. ಅವಳು ಪವಾಯಿಯ ಆಫೀಸಿನಲ್ಲಿ ದಿನವಿಡೀ ಗಿರಾಕಿಗಳ ಹತ್ತಿರ ಮಾತಾಡಿ ಒಪ್ಪಿಸುವ ಕೆಲಸ ಮಾಡುತ್ತಾಳೆ. ಅಪ್ಪನ ಜೊತೆ ಮಾತು ಅವಳು ಕನ್ನಡದಲ್ಲಿ ಶುರು ಮಾಡಿ ಹಿಂದಿಯಲ್ಲಿ ಮುಗಿಸುತ್ತಾಳೆ.

"ಪಪ್ಪಾ, ನಿಮಗೆ ಏನಾದರೂ ಆದ್ರೆ ಮಮ್ಮಿ ಏನ್ ಮಾಡ್ಬೇಕು? ಸೋಚಾ ಹೈ ಕಭೀ?"

"ಸೋಚಾ ಹೈ, ವಿಚಾರ ಮಾಡೀನಿ" ಅಂದರು ಇವರು.

"ಫಿರ್? ಛೋಟಾ ಸಾ ಆಪರೇಷನ್ ಅದು. ನಾನು ಓದಿದೀನಿ. ಒಂದು ಗಂಟೆದು."

"ಆಪರೇಷನ್ ಅಲ್ಲ ಪುಟ್ಟಿ."

"ಮತ್ತೆ ಏನು?"

ಅದಕ್ಕೆ ಇವರು ನನ್ನ ಕಡೆ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಏನೋ ಹೇಳುವವರಿದ್ದರು, ಆದರೆ ಅಷ್ಟರಲ್ಲಿ ನಾನೇ ಬಾಯಿ ಹಾಕಿದೆ, ಮಗಳು ಅಳುವ ಹಾಗೆ ಮಾಡಿದಿರಲ್ಲ ಅಂತ. ಅವಳು ಆಗ ಇನ್ನೂ ಅಳುತ್ತಿರಲಿಲ್ಲ, ನಾನು ಹೇಳಿದ ಮೇಲೆ ಅತ್ತಳು. ಇವರು ಎದ್ದು ಮಾರ್ಕೆಟ್ಟಿಗೆ ಹೋಗಿ ಮೆಂತೆ ಸೊಪ್ಪು ತಂದರು.

ಹತ್ತಕ್ಕೆ ಮತ್ತೆ ಕೂಗಿತು. ನಿಶಾಳಿಗೂ ಕೇಳಿತು. ನಾವಿಬ್ಬರೂ ಕೇಳುತ್ತ ನಿಂತೆವು. ಇವರು ಸೊಪ್ಪು ಸೋಸುತ್ತಿದ್ದರು.

ಫೆಬ್ರವರಿ 9, ರವಿವಾರ

ಮಾತು ಬಿಟ್ಟಿದ್ದೇನೆ. ಇವರೂ ಬಿಟ್ಟಿದ್ದಾರೆ. ಐದು ಸೀರೆಗೆ ಫಾಲ್ ಹಚ್ಚಿದೆ.

ಫೆಬ್ರವರಿ 13, ಗುರುವಾರ

ಒಂದು ಉಪಾಯ ಹೊಳೆದಿದೆ. ಮುಲುಂಡಿನ ಗುರುಬಾಯಿ ಅಕ್ಕ. ಅವರ ಯಜಮಾನರು ಗುರಲಿಂಗಪ್ಪನವರಿಗೂ ಇದೇ ಪೆಟ್ಟಿಗೆ ಇತ್ತು. ನಮ್ಮ ಇಂಡಿ ಕಡೆಯವರೇ. ಚೆಕ್ ಮಾಡಿಸಲು ಹೋದಾಗ ಬೆಂಚಿನ ಮೇಲೆ ಪರಿಚಯವಾಗಿ, ಆಮೇಲೆ ಇವರಿಬ್ಬರೂ ಅಣ್ಣತಮ್ಮಂದಿರ ಹಾಗೆ ಆದರು. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಆ ದಿನ ಇವರು ಅಲ್ಲೇ ಇದ್ದರು. ಮನೆಗೆ ಬಂದು "ಹೋದ್ರು" ಅಂತ ಅಷ್ಟೇ ಹೇಳಿ ಸ್ನಾನಕ್ಕೆ ಹೋಗಿದ್ದರು.

ಅಕ್ಕನ ಮಾತು ಇವರು ತೆಗೆದುಹಾಕುವುದಿಲ್ಲ. ರವಿವಾರ ಹೋಗಿ ಕರೆದುಕೊಂಡೇ ಬರುತ್ತೇನೆ.

ಫೆಬ್ರವರಿ 16, ರವಿವಾರ

ಸಾಯನ್‌ನಿಂದ ಲೋಕಲ್ ಹಿಡಿದೆ. ಹಳಿ ರಿಪೇರಿಗೆ ರವಿವಾರದ ಮೆಗಾಬ್ಲಾಕ್, ಗಾಡಿ ನಿಂತು ನಿಂತು ಹೋಯಿತು. ಮೂವರು ಕೂರುವ ಸೀಟಿನ ಅಂಚಿನಲ್ಲಿ ಕೂತು ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಗುರುಬಾಯಿ ಅಕ್ಕ ಅವಲಕ್ಕಿ ಹಚ್ಚಿ ಕೊಟ್ಟರು. ನಾನು ಎಲ್ಲ ಹೇಳಿದೆ. ಸದ್ದು, ಡಾಕ್ಟರು, 28ನೇ ತಾರೀಖು, "ಸಾಕು" ಅಂದದ್ದು. ನೀವು ಬಂದು ಒಂದು ಮಾತು ಹೇಳ್ರಿ ಅಕ್ಕಾ, ನಿಮ್ಮ ಮಾತು ಕೇಳ್ತಾರ ಅಂದೆ.

ಅಕ್ಕ ನನ್ನ ಮುಖ ನೋಡಿದರು.

"ನಿಮ್ಮವರು ನಿನಗ ಏನೂ ಹೇಳಿಲ್ಲೇನು?"

"ಏನು?"

"ಆವತ್ತಿಂದು."

ಆಮೇಲೆ ಹೇಳಿದರು. ಗುರಲಿಂಗಪ್ಪನವರ ಹೃದಯ ಪೂರ್ತಿ ಸೋತಿತ್ತು. ಇನ್ನು ಮಾಡುವುದೇನೂ ಇಲ್ಲ ಅಂತ ಮನೆಗೆ ಕಳಿಸಿದ್ದರು. ಆ ದಿನ ಮಧ್ಯಾಹ್ನ ಉಸಿರು ದೂರ ದೂರ ಆಯಿತು. ಅಕ್ಕ ಬಾಯಿಗೆ ನೀರು ಬಿಡುತ್ತಿದ್ದರು, ಇವರು ಅವರ ಕೈ ಹಿಡಿದುಕೊಂಡು ಕೂತಿದ್ದರು.

"ಜೀವಾ ಸಾವಕಾಶ ಹೊಂಟಿತ್ತವ್ವಾ. ಪೆಟಗಿ ಬಿಡಲಿಲ್ಲ. ಎದಿಯಾಗ ಗುದ್ದಿದಂಗ ಮೈ ಎಲ್ಲಾ ಎಗರ್ತಿತ್ತು. ಕಣ್ಣು ತೆರೀತಿದ್ದರು, ನಮ್ಮನ್ನ ನೋಡ್ತಿದ್ದರು. ಮತ್ತ ಮುಚ್ಚೂದು, ಮತ್ತ ಗುದ್ದೂದು. ನಿಮ್ಮವರ ಕೈಗೂ ಝುಂ ಅಂದಿತಂತ. ಆದರೂ ಕೈ ಬಿಡಲಿಲ್ಲ. ಅದನ್ನ ಬಂದ್ ಮಾಡ್ರಿ, ಯಾರರ ಬಂದ್ ಮಾಡ್ರಿ ಅಂತ ಒದರಿದರು. ಯಾರಿಗೆ ಗೊತ್ತಿತ್ತು ಹ್ಯಾಂಗ ಬಂದ್ ಮಾಡೂದಂತ?"

ನಾನು ಅವಲಕ್ಕಿ ತಟ್ಟೆ ಕೆಳಗಿಟ್ಟೆ.

"ನಾ ಬಂದು ಏನು ಹೇಳ್ಲಿ ರಂಜನಾ? ಮಾಡಿಸಿಕೊಳ್ರಿ ಅನ್ನಲಾ, ಬ್ಯಾಡ ಅನ್ನಲಾ? ಆ ಪೆಟಗಿ ಇದ್ದದ್ದಕ್ಕ ನಮ್ಮವರು ಮೊಮ್ಮಗಳ ಮುಖಾ ನೋಡಿದರು. ಅದೂ ಖರೇ. ಇದೂ ಖರೇ."

ಬರುವಾಗ ನಮ್ಮ ಮನೆಗೆ ಕರೆಯಲಿಲ್ಲ. ಅಕ್ಕ ಸ್ಟೇಷನ್ ತನಕ ಬಂದರು. ಗಾಡಿ ಖಾಲಿ ಇತ್ತು. ಸಾಯನ್‌ನಲ್ಲಿ ಇಳಿಯುವುದು ಮರೆತು ದಾದರಿಗೆ ಹೋದೆ. ಅಲ್ಲಿಂದ ತಿರುಗಿ ಬಂದೆ.

ನಿಶಾಳ ಹತ್ತಿರ ಅಂದು ಇವರು ಏನು ಹೇಳಲು ಹೊರಟಿದ್ದರೋ ಈಗ ಗೊತ್ತಾಯಿತು. ಆರು ತಿಂಗಳು ಅದನ್ನು ಒಬ್ಬರೇ ಹೊತ್ತುಕೊಂಡು ನನ್ನ ಪಕ್ಕದಲ್ಲಿ ಮಲಗಿದ್ದಾರೆ. ನಾನು ಎದ್ದೆದ್ದು ನೋಡುತ್ತಿದ್ದದ್ದು ಬರೀ ಉಸಿರು.

ಫೆಬ್ರವರಿ 17, ಸೋಮವಾರ

ಸಂಜೆ ಇವರು ಬಂದು ಚಹಾ ಕುಡಿಯುವಾಗ, "ನಿನ್ನೆ ಗುರುಬಾಯಿ ಅಕ್ಕನ ಮನಿಗೆ ಹೋಗಿದ್ನಿ" ಅಂದೆ. ಎಂಟು ದಿನದ ಮೇಲೆ ನಾನು ಆಡಿದ ಮೊದಲ ಮಾತು.

"ಹ್ಞಾಂ."

"ಹೇಳಿದ್ರು."

ಬಶಿ ಕೆಳಗಿಟ್ಟರು. ನಾನು ಮಷೀನಿನ ಮುಂದೆ ಕೂತೆ, ಆದರೆ ತುಳಿಯಲಿಲ್ಲ. ಏನೇನೋ ಹೇಳಬೇಕು ಅನ್ನಿಸಿತು. ನಿಮಗೆ ಹಾಗಾಗುವುದಿಲ್ಲ ಅಂತ ಹೇಳಬಹುದಿತ್ತು. ಆಗುವುದಿಲ್ಲ ಅಂತ ನನಗೇನು ಗೊತ್ತು? ಫಾಲ್ ಹಚ್ಚುವ ಸೀರೆ ಮಡಚಿಟ್ಟೆ.

ಆಮೇಲೆ ಇವರೇ ಮಾತಾಡಿದರು. "ನನಗ ಸಾಯೂದಕ್ಕ ಅಂಜಿಕಿಲ್ಲ. ಒಮ್ಮೆ ಬಿದ್ದಾಗ ನೋಡೀನಿ, ಏನೂ ಗೊತ್ತಾಗೂದಿಲ್ಲ. ಆದರ ಹಂಗ... ಗುರಲಿಂಗಪ್ಪಣ್ಣ ನನ್ನ ನೋಡ್ತಿದ್ದ ರಂಜನಾ. ಬಿಡಸು ಅನ್ನೂಹಂಗ ನೋಡ್ತಿದ್ದ."

"ನನಗ ಯಾಕ ಹೇಳಲಿಲ್ಲ?"

"ನೀ ಆ ಪೆಟಗಿ ನಂಬಿ ಮಲಗ್ತಿ. ನಿನ್ನ ನಿದ್ದಿ ಯಾಕ ಕೆಡಸಲಿ ಅಂದ್ನಿ."

ನಾನು ಯಾವಾಗ ಮಲಗಿದ್ದೆ ಅಂತ ಬಾಯಿಗೆ ಬಂತು. ಬಿಟ್ಟೆ.

ಕಪ್ಪು ಬಶಿ ಒಳಗಿಟ್ಟು ಬಂದು ಅಂದರು: "ಡಾಕ್ಟರ್ ಕಡೆ ಒಮ್ಮೆ ಹೋಗೋಣು. ಮಾಡಿಸಾಕಲ್ಲ. ಕೇಳೂದೈತಿ."

"ಏನು ಕೇಳ್ತೀರಿ?" ಅನ್ನಲು ಹೋಗಿ, "ಹೋಗೋಣ" ಅಂದೆ.

ಫೆಬ್ರವರಿ 20, ಗುರುವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗಲೇ ಇವರು ಹೇಳಿದರು, "ಇವತ್ತ ನೀ ಮಾತಾಡಬ್ಯಾಡ." ಪರ್ಸನ್ನು ಗಟ್ಟಿ ಹಿಡಿದುಕೊಂಡು ಕೂತೆ.

ಡಾಕ್ಟರಮ್ಮ ನನ್ನ ಕಡೆಗೇ ತಿರುಗಿ ಯಾಕೆ ಬರಲಿಲ್ಲ ಅಂದರು. ನಾನು ಇವರ ಕಡೆ ಕೈ ತೋರಿಸಿದೆ.

ಇವರ ಹಿಂದಿ ಡಿಪೋದ ಹಿಂದಿ, ಅರ್ಧ ಮರಾಠಿ. ನಿಧಾನವಾಗಿ ಗುರಲಿಂಗಪ್ಪನವರದು ಎಲ್ಲ ಹೇಳಿದರು. ಕೈಗೆ ಝುಂ ಅಂದದ್ದನ್ನೂ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಇವರು ಕೇಳಿದ್ದು ಒಂದೇ. "ಮೇಡಮ್, ನನ್ನ ಕೊನೆ ಬಂದಾಗ ಇದನ್ನು ಬಂದ್ ಮಾಡಲು ಬರುತ್ತದೋ ಇಲ್ಲವೋ?"

"ಬರುತ್ತದೆ" ಅಂದರು ಡಾಕ್ಟರು. "ಈ ಯಂತ್ರದಿಂದಲೇ. ಹೊಡೆಯುವುದನ್ನು ಮಾತ್ರ ಬಂದ್ ಮಾಡಬಹುದು. ಚಾಕು ಬೇಡ, ನೋವಿಲ್ಲ, ಕೆಲವು ನಿಮಿಷದ ಕೆಲಸ. ಆಸ್ಪತ್ರೆಗೆ ಬರಲಾಗದ ಹೊತ್ತಿನಲ್ಲಿ ಎದೆಯ ಮೇಲೆ ಒಂದು ಅಯಸ್ಕಾಂತದ ಬಳೆ ಇಟ್ಟರೂ, ಅದು ಇರುವ ತನಕ ಹೊಡೆಯುವುದಿಲ್ಲ. ನಿಮ್ಮ ಗೆಳೆಯರಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಹೇಳದೇ ಹೋದದ್ದು ತಪ್ಪು."

ಇವರು ತಲೆ ಬಗ್ಗಿಸಿ ಕೂತರು. ಅಷ್ಟು ಸರಳವಾದದ್ದು ಅಂತ ಗೊತ್ತಾದದ್ದು ಇನ್ನೂ ಕಷ್ಟವಾಯಿತೇನೋ. ಕಣ್ಣೊರೆಸಿಕೊಂಡರು. ಡಾಕ್ಟರು ಅವಸರ ಮಾಡಲಿಲ್ಲ.

"ಯಾವಾಗ ಬಂದ್ ಮಾಡಬೇಕು ಅಂತ ಯಾರು ಹೇಳುವುದು?" ಅಂತ ಇವರು ಕೇಳಿದರು ಆಮೇಲೆ.

"ನಿಮಗೆ ಮಾತಾಡಲು ಆದರೆ ನೀವು. ಆಗದಿದ್ದರೆ ನಿಮ್ಮ ಹೆಂಡತಿ. ಈಗಲೇ ಮಾತಾಡಿಕೊಂಡಿರಿ."

ಇವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು, "ಹೇಳ್ತೀಯೇನು?"

ತಲೆಯಾಡಿಸಿದೆ.

"ಬಾಯಿಲೆ ಹೇಳು. ನೀ ಒಮ್ಮೊಮ್ಮೆ ತಲಿ ಆಡಿಸಿ ಆಮೇಲೆ ನಿನಗ ಬೇಕಾದ್ದ ಮಾಡ್ತಿ."

ಕೋಣೆಯಲ್ಲಿ ಡಾಕ್ಟರು ಇದ್ದರು, ಯಂತ್ರದ ಹುಡುಗಿ ಇದ್ದಳು. ಅವರಿಗೆ ಕನ್ನಡ ಬರುವುದಿಲ್ಲ. ಬಂದ್ ಮಾಡ್ರಿ ಅಂತ ನಾನು ಹೇಳಬೇಕು, ಇವರು ಮಲಗಿರುವಾಗ, ಇವರ ಕೈ ಇನ್ನೂ ಬೆಚ್ಚಗಿರುವಾಗ.

"ಹೇಳ್ತೀನಿ" ಅಂದೆ. ದನಿ ಸಣ್ಣದಾಯಿತು.

"ಕೇಳಲಿಲ್ಲ."

"ಹೇಳ್ತೀನ್ರೀ. ಬಂದ್ ಮಾಡ್ರಿ ಅಂತ ನಾನ ಹೇಳ್ತೀನಿ."

ಇವರು ಡಾಕ್ಟರ ಕಡೆ ತಿರುಗಿ, "ಹಾಗಾದರೆ ಹೊಸದು ಹಾಕಿರಿ" ಅಂದರು.

ದಿನ ಯಾವುದು ಅಂತ ಇವರೇ ಆರಿಸಿದರು. ಹೋಳಿ ಹಬ್ಬಕ್ಕೆ ಮೊದಲು, ಮಾರ್ಚ್ 4.

ಫೆಬ್ರವರಿ 23, ರವಿವಾರ

ನಿಶಾಳಿಗೆ ಇವರೇ ಹೇಳಿದರು. ಎಲ್ಲ, ಗುರಲಿಂಗಪ್ಪನವರದೂ. ನಾನು ಅಡುಗೆಮನೆಯಲ್ಲೇ ಇದ್ದೆ. ಅಪ್ಪ ಮಗಳು ಬಹಳ ಹೊತ್ತು ಕೂತಿದ್ದರು, ಬಹಳಷ್ಟು ಹಿಂದಿಯಲ್ಲಿ.

ಮಾರ್ಚ್ 4, ಮಂಗಳವಾರ

ಆಯಿತು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು, ಊಟದ ಹೊತ್ತಿಗೆ ಹೊರಗೆ ತಂದರು. ಆ ಜಾಗ ಮಾತ್ರ ಮರಗಟ್ಟಿಸಿ, ಅರೆನಿದ್ದೆ ಬರಿಸಿದ್ದರು. ಒಳಗೆ ಡಾಕ್ಟರುಗಳು ಕ್ರಿಕೆಟ್ ಮಾತಾಡುತ್ತಿದ್ದದ್ದು ಇವರಿಗೆ ಕೇಳಿತಂತೆ. ಹಳೆಯದನ್ನು ನೋಡಬೇಕು ಅಂತ ಕೇಳಿ ನೋಡಿದರಂತೆ. "ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟ ಐತಿ" ಅಂದರು.

ನಾನು ಹೊರಗೆ ಕೂತಿದ್ದೆ. ನಿಶಾ ವಡಾಪಾವ್ ತಂದಿದ್ದಳು, ಎರಡು ತಿಂದೆ.

ಮಾರ್ಚ್ 6, ಗುರುವಾರ

ನಿನ್ನೆ ಮನೆಗೆ ಬಂದರು. ಪಟ್ಟಿ ಒದ್ದೆ ಮಾಡಬಾರದು, ಭಾರ ಎತ್ತಬಾರದು. ಗುಳಿಗೆ ಕೊಡಲು ಹೋದರೆ, ನಾ ತಗೋತೀನಿ ಬಿಡು ಅಂದರು. ತಗೊಂಡರೋ ಇಲ್ಲವೋ, ಕೇಳಲಿಲ್ಲ.

ಮಾರ್ಚ್ 14, ಶುಕ್ರವಾರ

ಹೊಲಿಗೆ ತೆಗೆದರು. ಗಾಯ ಚೆನ್ನಾಗಿದೆ. ಇಂದು ಹೋಳಿ ಹಬ್ಬದ ಬಣ್ಣ, ರಸ್ತೆಯಲ್ಲಿ ರಿಕ್ಷಾ ಸಿಗಲಿಲ್ಲ, ನಡೆದು ಬಂದೆವು. ಇವರು ಮುಂದೆ ಮುಂದೆ ನಡೆದರು. ಮಹಾದೇವಿ ಮಾಡಿದ ಹೋಳಿಗೆಗೆ ತುಪ್ಪ ಹಾಕಿಕೊಂಡದ್ದು ನೋಡಿದೆ. ನಾನೂ ಹಾಕಿಕೊಂಡೆ.

ಮಾರ್ಚ್ 23, ರವಿವಾರ

ಇಂದು ಒಂದು ತಮಾಷೆಯಾಯಿತು, ನನಗೆ ನಾಚಿಕೆಯೂ ಆಯಿತು.

ಇವರು ಬೆಳಿಗ್ಗೆ ಮುಲುಂಡಿಗೆ ಹೊರಟರು, ಗುರುಬಾಯಿ ಅಕ್ಕನನ್ನು ನೋಡಲು. ಪೆಟ್ಟಿಗೆ ಬಂದ್ ಮಾಡಲು ಬರುತ್ತಿತ್ತು ಅಂತ ಡಾಕ್ಟರು ಹೇಳಿದ್ದನ್ನು ಅಕ್ಕನಿಗೆ ತಿಳಿಸಬೇಕೋ ಬಾರದೋ ಅಂತ ನನ್ನನ್ನು ಕೇಳಿದರು. ಅದರಿಂದ ಅಕ್ಕನಿಗೆ ನೋವಾಗುತ್ತದೆ ಅಂದೆ. ಆಗ್ತದ, ಆದರೂ ಮುಂದ ಯಾರಿಗರ ಉಪಯೋಗ ಆಗಬಹುದು, ನೋಡ್ತೀನಿ ಅಂದರು. ನಾನೂ ಬರಲೇನು ಅಂದದ್ದಕ್ಕೆ ಬ್ಯಾಡ ಅಂದರು. ಲೋಕಲಿನಲ್ಲಿ ಒಬ್ಬರೇ.

ನಿಶಾ ಗೆಳತಿಯರ ಜೊತೆ ಹೊರಗಿದ್ದಳು. ಊಟ ಮಾಡಿ, ಪಾತ್ರೆ ತೊಳೆದು, ಸ್ವಲ್ಪ ಬೆನ್ನು ಚಾಚೋಣ ಅಂತ ಹಾಸಿಗೆ ಮೇಲೆ ಬಿದ್ದೆ. ಅಷ್ಟೇ ಗೊತ್ತು.

ಎಚ್ಚರವಾದಾಗ ಬಾಗಿಲನ್ನು ಯಾರೋ ದಬದಬ ಬಡಿಯುತ್ತಿದ್ದರು. ಹೊರಗೆ ಕತ್ತಲಾಗುತ್ತ ಬಂದಿತ್ತು. ತೆಗೆದರೆ ಇವರು, ಎದುರು ಮನೆಯ ಮಹಾದೇವಿ, ಅವಳ ಹಿಂದೆ ಸ್ಕ್ರೂಡ್ರೈವರ್ ಹಿಡಿದ ಅವಳ ಗಂಡ ಸೀನ. ಇವರು ಬಂದು ಬಹಳ ಹೊತ್ತಾಗಿತ್ತಂತೆ. ಬೆಲ್ ಒತ್ತಿ ಒತ್ತಿ, ಫೋನ್ ಮಾಡಿ ಮಾಡಿ, ಕಿಟಕಿಯಿಂದ ಕೂಗಿ, ಮಹಾದೇವಿಯ ಮನೆಯಲ್ಲಿ ಕೂತು ಎದ್ದು ಮಾಡಿ, ಕೊನೆಗೆ ಬಾಗಿಲ ಚಿಲಕ ಬಿಚ್ಚಲು ಸೀನನನ್ನು ಎಬ್ಬಿಸಿ ತಂದಿದ್ದರು. ಬೆವರಿದ್ದರು. ನನ್ನ ಎರಡೂ ತೋಳು ಹಿಡಿದು ಮೇಲಿಂದ ಕೆಳಗೆ ನೋಡಿದರು.

"ಏನಾಗಿತ್ತು ನಿನಗ?"

"ನಿದ್ದಿ ಹತ್ತಿತ್ತು."

"ಇಷ್ಟು?"

ಮಹಾದೇವಿ ನಗಲು ಶುರು ಮಾಡಿದಳು. ಇವರಿಗೆ ನಗು ಬರಲಿಲ್ಲ. ಒಳಗೆ ಬಂದು ಕುರ್ಚಿಯ ಮೇಲೆ ಕೂತು ಒಂದು ಗ್ಲಾಸು ನೀರು ಕುಡಿದು, ನಾಳೆಯೇ ಜೋರು ಸಪ್ಪಳದ ಬೇರೆ ಬೆಲ್ ತಂದು ಹಾಕಿಸುತ್ತೇನೆ ಅಂದರು.

ಬ್ಯಾಡ ಬಿಡ್ರಿ, ಏಳು ವರ್ಷದ ನಿದ್ದಿ ಒಮ್ಮೆಲೆ ಬಂತು, ಬೆಲ್ ಇದ್ದದ್ದ ಸಾಕು ಅಂದೆ. ಅಕ್ಕಿ ಇನ್ನೂ ತೊಳೆದಿರಲಿಲ್ಲ, ಅಡುಗೆಗೆ ಎದ್ದೆ.